ಬೆನ್ನು ಮಣ್ಣಿಗೆ ತಾಗುವವರೆಗೆ

ಮೂರನೇ ಹೊಳೆಸಾಲು,
ಕಾಯುವ ತಿಂಗಳಿನ ಮೂವತ್ತೊಂಬತ್ತನೇ ದಿನ, ೨೧೯೧

ನಮಗಿಂತ ಮೊದಲು ಬಾಳಿದವರೇ,

ಮೇಲಿನ ತಾರೀಖು ನೋಡಿ, ಬರೆದವಳಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಯಾವ ತಿಂಗಳಾದರೂ ಮೂವತ್ತೊಂದರೊಳಗೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಬೇಸಿಗೆ ಮುಗಿದರೂ ಮಳೆ ಬಾರದೆ ಉಳಿದ ದಿನಗಳನ್ನೆಲ್ಲ ಕೂಡಿಸಿ ಕಾಯುವ ತಿಂಗಳು ಅನ್ನುತ್ತಾರೆ. ಮೊದಲ ಮಳೆ ನೆಲಕ್ಕೆ ಬಿದ್ದಾಗ ಅದು ಮುಗಿಯುತ್ತದೆ. ಒಂದು ವರ್ಷ ಒಂದೇ ವಾರಕ್ಕೆ ಮುಗಿದಿತ್ತು, ಇನ್ನೊಂದು ವರ್ಷ ಮುಗಿಯುವ ಹೊತ್ತಿಗೆ ನಮ್ಮ ಎಮ್ಮೆಗಳ ಎಲುಬು ಎಣಿಸಬಹುದಾಗಿತ್ತು. ಈ ತಿಂಗಳಲ್ಲಿ ಮದುವೆ ಇಲ್ಲ, ಶಾಲೆ ಇಲ್ಲ, ಕೋರ್ಟು ಕಚೇರಿ ಇಲ್ಲ. ಸೈನ್ಯಕ್ಕೆ ಮಕ್ಕಳನ್ನು ಒಯ್ಯುವ ಬಸ್ಸಿಗೆ ಮಾತ್ರ ರಜೆ ಇಲ್ಲ.

ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಿಮ್ಮ ಕನ್ನಡವನ್ನು ನಮಗೆ ಶಾಲೆಯಲ್ಲಿ ನಡುಗನ್ನಡದ ಪಾಠ ಅಂತ ಕಲಿಸಿದರು, ನನಗೆ ಅದರಲ್ಲಿ ಯಾವಾಗಲೂ ಅಂಕ ಕಡಿಮೆ. ಈ ಪತ್ರ ನಿಮಗೆ ತಲುಪುವುದು ಹಿಂದಂಚೆಯಲ್ಲಿ. ಹಿಂದಂಚೆ ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಅದು ಹೇಗೆ ಹೋಗುತ್ತದೆ ಅಂತ ಟಪಾಲು ಕಚೇರಿಯ ಹುಡುಗಿ ನನಗೆ ವಿವರಿಸಿದಳು, ಪಾಪ, ಎರಡು ಸಲ ವಿವರಿಸಿದಳು. ಒಬ್ಬರಿಗೆ ಬದುಕಿನಲ್ಲಿ ಒಂದೇ ಪತ್ರದ ಅವಕಾಶ. ಬಹಳ ಜನ ಅದನ್ನು ಮುತ್ತಜ್ಜಿಗೆ ಉಪ್ಪಿನಕಾಯಿಯ ಹದ ಕೇಳುವುದಕ್ಕೋ, ಹೊಳೆದಂಡೆಯಲ್ಲೇ ಮನೆ ಕಟ್ಟಿದ ಮುತ್ತಜ್ಜನನ್ನು ಬೈಯುವುದಕ್ಕೋ ಬಳಸುತ್ತಾರೆ. ಉತ್ತರ ಬರುವುದಿಲ್ಲ, ಆದರೂ ಬೈದ ಸಮಾಧಾನ ಇರುತ್ತದೆ. ನಾನು ನನ್ನ ಪಾಲಿನದನ್ನು ಮಗಳು ಕಸ್ತೂರಿಗಾಗಿ ಬಳಸುತ್ತಿದ್ದೇನೆ. ಅವಳನ್ನು ಯುದ್ಧಕ್ಕೆ ಒಯ್ಯಲು ಬಸ್ಸು ಇವತ್ತು ಮತ್ತೆ ಬರುತ್ತದೆ. ಅವಳಿಗೆ ಯುದ್ಧ ಬರುವುದಿಲ್ಲ. ಯಾರೂ ಕಲಿಸಿಲ್ಲ.

ನನ್ನ ಹೆಸರು ಯಮನವ್ವ. ನಗಬೇಡಿ, ನಮ್ಮ ಕಡೆ ಇದು ಒಳ್ಳೆಯ ಹೆಸರು. ಊರಲ್ಲಿ ನನ್ನ ಕೆಲಸ ಮಣ್ಣವ್ವನದು, ಅಂದರೆ ಗರಡಿಮನೆಯ ಮಣ್ಣನ್ನು ನೋಡಿಕೊಳ್ಳುವವಳು. ಕೆಂಪು ಮಣ್ಣನ್ನು ಜರಡಿ ಹಿಡಿದು ಅದಕ್ಕೆ ಮಜ್ಜಿಗೆ, ಅರಿಸಿನ, ನಿಂಬೆರಸ, ಎಣ್ಣೆ ಕಲಸಿ, ಬಿದ್ದವರ ಮೈ ತರಚದಂತೆ, ಎದ್ದವರ ಕಾಲು ಜಾರದಂತೆ ಹದ ಮಾಡಿ ಇಡಬೇಕು. ನಮ್ಮ ಊರಿನ ಹೆಸರಿಗೆ ಮೊದಲು ಮೂರನೇ ಅಂತ ಯಾಕಿದೆ ಅಂದರೆ, ಮೊದಲನೆಯದೂ ಎರಡನೆಯದೂ ಕೃಷ್ಣೆಯ ಹಿನ್ನೀರಿನಲ್ಲಿವೆ. ಎರಡು ಸಲ ಮುಳುಗಡೆಯಾದಾಗಲೂ ನಮ್ಮ ಹಿರಿಯರು ಬಾಗಿಲು, ತೊಲೆ, ಬೀಸುವ ಕಲ್ಲು ಬಿಟ್ಟು ಬಂದರು, ಗರಡಿಯ ಮಣ್ಣನ್ನು ಮಾತ್ರ ಗಾಡಿಗಟ್ಟಲೆ ಹೇರಿಕೊಂಡು ಗುಡ್ಡ ಹತ್ತಿದರು. ಈಗ ನಾವು ಹಗಲಿನ ಬಿಸಿಗೆ ತಂಪುಗುಂಡಿಗಳಲ್ಲಿ, ನೆಲದೊಳಗೆ ಕೊರೆದ ಕೋಣೆಗಳಲ್ಲಿ ಇರುತ್ತೇವೆ. ಜೋಳ ಬೆಳೆಯುವುದು ಬಲೆಚಪ್ಪರದ ನೆರಳಿನಲ್ಲಿ. ಬಾದಾಮಿ ಅನ್ನುವುದನ್ನು ಚಿತ್ರದಲ್ಲಿ ನೋಡಿದ್ದೇವೆ, ನಮ್ಮ ಪೈಲ್ವಾನರಿಗೆ ಶೇಂಗಾ ಅರೆದ ಹಾಲೇ ಗತಿ. ಬೆಳಕು ಹರಿಯುವ ಮುಂಚೆ ಊರಿನ ಹುಡುಗರೂ ಹುಡುಗಿಯರೂ ಸಾಮು ಮಾಡಲು ಗರಡಿಗೆ ಬರುತ್ತಾರೆ. ಬಿಸಿಲೇರುವ ಹೊತ್ತಿಗೆ ಎಲ್ಲರೂ ಕೆಂಪು ಗೊಂಬೆಗಳಾಗಿ ಮನೆಗೆ ಹೋಗುತ್ತಾರೆ.

ನಮ್ಮ ಒಂದು ಪದ್ಧತಿಯನ್ನು ಹೇಳಬೇಕು, ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದವರು ಸೋತ ಹಾಗೆ. ಇದು ನಿಮಗೂ ಗೊತ್ತಿರಬಹುದು. ಹೊಳೆಸಾಲಿನಲ್ಲಿ ಇದನ್ನು ತೊಟ್ಟಿಲಿನಿಂದಲೇ ಕಲಿಸುತ್ತೇವೆ. ಮಗು ಅಂಗಾತ ಮಲಗಿ ನಿದ್ದೆ ಹೋದರೆ ತಾಯಿ ಎದ್ದು ಮಗ್ಗುಲಿಗೆ ತಿರುಗಿಸುತ್ತಾಳೆ. ಮತ್ತೆ ಹೊರಳಿದರೆ ಮತ್ತೆ ತಿರುಗಿಸುತ್ತಾಳೆ. ಕಸ್ತೂರಿಯನ್ನು ನಾನು ಎಷ್ಟು ಸಲ ತಿರುಗಿಸಿದ್ದೇನೋ ಲೆಕ್ಕವಿಲ್ಲ. ಹೀಗೆ ಬೆಳೆದ ಮಕ್ಕಳನ್ನು ಎತ್ತಿ ಒಗೆದರೂ ಬೆನ್ನು ನೆಲ ಮುಟ್ಟುವ ಮೊದಲೇ ಹಿಮ್ಮಡಿ, ನೆತ್ತಿ ಊರಿ ಮೈ ಕಮಾನಾಗಿ ಏಳುತ್ತದೆ. ಅವರು ಎಬ್ಬಿಸುವುದಲ್ಲ, ಅದೇ ಏಳುತ್ತದೆ. ನಮ್ಮಲ್ಲಿ ಅಂಗಾತ ಮಲಗಿಸುವುದು ಉಸಿರು ನಿಂತವರನ್ನು ಮಾತ್ರ. ಸುತ್ತಲಿನ ಜಾತ್ರೆಗಳಲ್ಲಿ ನಮ್ಮವರ ಎದುರು ಜೋಡಿಯಾಗಿ ಕಣಕ್ಕಿಳಿಯಲು ಯಾರೂ ಸುಲಭಕ್ಕೆ ಬರುವುದಿಲ್ಲ, ನಮಗೆ ಅದರ ಸೊಕ್ಕೂ ಇದೆ.

ಆ ಸೊಕ್ಕಿಗೆ ಸರ್ಕಾರ ಎಣ್ಣೆ ಹೊಯ್ಯಿತು. ಸಮುದ್ರ ಒಳನುಗ್ಗಿ ನೆಲ ಉಪ್ಪಾದ ಕಡೆ, ಸಿಹಿನೀರಿನ ಕೊಳವೆ ಯಾರದು ಅಂತ ಯುದ್ಧ ನಡೆದಿದೆ. ಆ ಜಾಗಕ್ಕೆ ಉಪ್ಪುಗಡಿ ಅನ್ನುತ್ತೇವೆ. ಮೊದಲು ಸೈನಿಕರಿಗೆ ವರ್ಷಗಟ್ಟಲೆ ಮೈತರಬೇತಿ ಇತ್ತು. ಯುದ್ಧ ಉದ್ದವಾದಷ್ಟೂ ತರಬೇತಿ ಗಿಡ್ಡವಾಯಿತು. ಕೊನೆಗೆ ಕನಸುಪಾಠ ಬಂತು. ಮಲಗುವಾಗ ತಲೆಗೆ ಒಂದು ಟೋಪಿ ಹಾಕುತ್ತಾರೆ, ಎದ್ದಾಗ ಯುದ್ಧದ ವಿದ್ಯೆಯೆಲ್ಲ ಬಾಯಿಪಾಠ ಬಂದಿರುತ್ತದೆ. ತಲೆಗೆ ಬಂದದ್ದನ್ನು ಮೈಗೆ ಇಳಿಸಲು ಆಮೇಲೆ ಕೆಲವು ವಾರ ಮೈದಾನದಲ್ಲಿ ಓಡಿಸುತ್ತಾರೆ, ಅಷ್ಟೆ. ಹೊಳೆಸಾಲಿನಂಥ ಊರುಗಳಿಗೆ ಅದನ್ನೂ ತೆಗೆದುಹಾಕಿದರು. ಅದಕ್ಕೆ ಗರಡಿ ವಿನಾಯಿತಿ ಅಂತ ಹೆಸರು. ಸೇರ್ಪಡೆ ಸಾಹೇಬರು ನಮ್ಮ ಕಟ್ಟೆಯ ಮೇಲೆ ನಿಂತು, "ಪೈಲ್ವಾನರ ಊರು ಇದು, ನಿಮ್ಮ ಮಕ್ಕಳಿಗೆ ನಾವೇನ್ ಕಲ್ಸೋದೈತ್ರೀ? ನೀವ ಕಲ್ಸಿ ಕೊಟ್ಟೀರಿ" ಅಂದಾಗ ಊರಿಗೆ ಊರೇ ಹಲಗಿ ಬಾರಿಸಿತು. ಬೇರೆ ಊರಿನವರು ಕಲಿಯಲು ಹೋಗುತ್ತಾರೆ, ನಮ್ಮವರು ನೇರ ಗಡಿಗೆ ಹೋಗುತ್ತಾರೆ ಅಂತ ನಾವು ಬೀಗರ ಮುಂದೆ ಹೇಳಿಕೊಂಡು ತಿರುಗಿದೆವು. ಊರ ಬಾಗಿಲಿಗೆ ಗರಡಿ ವಿನಾಯಿತಿಯ ಊರು ಅಂತ ಕಮಾನು ಕೂಡ ಕಟ್ಟಿಸಿದೆವು.

ಮೊದಲ ತಂಡದಲ್ಲಿ ನನ್ನ ತಂಗಿ ದ್ಯಾಮವ್ವನ ಮಗ ಯಲಗೂರ ಹೋದ. ಮಾತು ಕಡಿಮೆ, ಊಟ ಜಾಸ್ತಿ, ನಗು ಯಾವಾಗಲೂ. ಹೊರಡುವ ದಿನ ನನ್ನ ಕಾಲಿಗೆ ಬಿದ್ದು, "ದೊಡ್ಡವ್ವಾ, ನಾ ಬರೂತನ ನನ್ನ ಮಣ್ಣಿನ್ಯಾಗ ಯಾರಿಗೂ ಆಡಾಕ ಬಿಡಬ್ಯಾಡ" ಅಂದ. ಅವನ ಜೊತೆ, ಗರಡಿಯಲ್ಲಿ ಕುಸ್ತಿ ಕಲಿಸುವ ನಮ್ಮ ವಸ್ತಾದ ದಾವಲಸಾಬರ ಮೊಮ್ಮಗ ಮೌಲಾಲಿಯೂ ಹೋದ. ತಂಡದಲ್ಲಿ ತಿರುಗಿ ಬಂದವನು ಮೌಲಾಲಿ ಒಬ್ಬನೇ. ಎಡಗೈ ಸುಟ್ಟು ಮುರುಟಿಕೊಂಡಿತ್ತು.

ಉಳಿದವರು ಹೇಗೆ ಸತ್ತರು ಅನ್ನುವುದನ್ನು ಸರ್ಕಾರ ಹೇಳಲಿಲ್ಲ, ಮೌಲಾಲಿ ಹೇಳಿದ. ಉಪ್ಪುಗಡಿಯಲ್ಲಿ ಆಕಾಶದಿಂದ ಜೀರುಂಡೆಗಳು ಬರುತ್ತವೆ. ಹುಳುವಲ್ಲ, ಅಂಗೈಯಷ್ಟು ದೊಡ್ಡ ಯಂತ್ರಗಳು. ಅವು ಮನುಷ್ಯರ ಮೈಶಾಖವನ್ನು ಹುಡುಕಿ ಬಂದು ಸಿಡಿಯುತ್ತವೆ. ಅದಕ್ಕೆ ಪ್ರತಿಯೊಬ್ಬರ ಸೊಂಟದಲ್ಲಿ ತಣ್ಣೊದಿಕೆ ಅಂತ ತೆಳ್ಳನೆಯ ಹಾಳೆ ಇರುತ್ತದೆ. ಎಚ್ಚರಿಕೆಯ ಸೀಟಿ ಕೇಳಿದ ಕೂಡಲೇ ಅಂಗಾತ ಬಿದ್ದು, ಅದರ ಎರಡು ತುದಿಗಳನ್ನು ಹಿಮ್ಮಡಿಯ ಕೆಳಗೆ ಒತ್ತಿ, ಇನ್ನೆರಡನ್ನು ಕೈಯಲ್ಲಿ ಹಿಡಿದು, ಮೈಗೆ ತಾಗದಂತೆ ಮೇಲೆ ಎತ್ತಿ ಹಿಡಿಯಬೇಕು. ಬೆನ್ನು ಪೂರ್ತಿ ನೆಲಕ್ಕೆ ಒತ್ತಿರಬೇಕು, ಮೈಶಾಖ ನೆಲಕ್ಕೆ ಇಳಿಯುತ್ತದೆ. ಬೋರಲು ಬಿದ್ದರೆ ಹಾಳೆ ಬೆನ್ನಿಗೆ ಅಂಟಿ ಶಾಖ ಹೊರಗೆ ಕಾಣುತ್ತದೆ. ಬೆನ್ನು ಎದ್ದರೂ ಅಷ್ಟೆ. ನಮ್ಮ ಮಕ್ಕಳಿಗೆ ಇದೆಲ್ಲ ಬಾಯಿಪಾಠ ಬರುತ್ತಿತ್ತು. ಸೀಟಿ ಕೇಳಿತು, ಅಂಗಾತ ಬಿದ್ದರು, ಹಾಳೆಯನ್ನೂ ಹಿಡಿದರು. ಆಮೇಲೆ ಬೆನ್ನುಗಳು ಎದ್ದವು. "ಯಲಗೂರಣ್ಣ ನನ್ನ ಮಗ್ಗಲದಾಗ ಇದ್ದ" ಅಂದ ಮೌಲಾಲಿ. "ಕಮಾನ್ ಆಗಿದ್ದ, ದೊಡ್ಡವ್ವಾ. ಗರಡ್ಯಾಗ ಆಗಿದ್ರ ಎಲ್ಲಾರೂ ಚಪ್ಪಾಳಿ ಹೊಡೀತಿದ್ರು." ತಾನು ಯಾಕೆ ಉಳಿದೆ ಅಂತ ಅವನಿಗೇ ಸರಿಯಾಗಿ ಗೊತ್ತಿಲ್ಲ. ಅವನು ಗರಡಿಯಲ್ಲಿ ಯಾವಾಗಲೂ ಸ್ವಲ್ಪ ಸೋಮಾರಿ.

ನಾವು ಕೇಳಲು ಹೋದೆವು, ಮೊದಲು ಕೈಮುಗಿದುಕೊಂಡೇ ಹೋದೆವು. ದ್ಯಾಮವ್ವ, ನಾನು, ಮಕ್ಕಳನ್ನು ಕಳೆದುಕೊಂಡ ಉಳಿದ ಮನೆಯವರು ಜಿಲ್ಲಾ ಕಚೇರಿಯ ತಂಪುಕೋಣೆಯಲ್ಲಿ ಕೂತು, ನಮ್ಮ ಮಕ್ಕಳಿಗೆ ಯಾರು ಕಲಿಸಿದರು, ಎಷ್ಟು ದಿನ ಕಲಿಸಿದರು ಅಂತ ಕೇಳಿದೆವು. ಅದು ಗುಟ್ಟಿನ ವಿಷಯ ಅಂದರು. ಹೋಗುವಾಗ ಒಬ್ಬೊಬ್ಬರ ಕೈಗೂ ಒಂದೊಂದು ಕಂಚಿನ ಫಲಕ ಕೊಟ್ಟು, ವೀರಮಾತೆಯರು ಅಂದರು. ದ್ಯಾಮವ್ವ ಆ ಫಲಕವನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದಳು. ಮಗ ಸತ್ತ ಮೇಲೆ ಅವಳು ಅತ್ತದ್ದು ನನಗೆ ನೆನಪಿಲ್ಲ. ಅವಳಿಗೆ ಬಂದದ್ದು ಸಿಟ್ಟು, ಅದು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ನಾವು ಊರಿಗೆ ಬಂದು ಮಾಡಿದ ಮೊದಲ ಕೆಲಸ ಆ ಕಮಾನನ್ನು ಒಡೆದದ್ದು.

ಹೋದ ವಾರ ಎರಡನೇ ತಂಡಕ್ಕೆ ಕರೆ ಬಂತು. ಅದರಲ್ಲಿ ಕಸ್ತೂರಿ ಇದ್ದಳು. ಟೋಪಿಗಳನ್ನು ಮೊದಲೇ ಮನೆಗೆ ಕಳಿಸಿದ್ದರು, ಕನಸುಪಾಠ ಮುಗಿದಿತ್ತು. ನನ್ನ ಮಗಳು ಹೆದರುಪುಕ್ಕಲಿ ಅಲ್ಲ. ನಾನು ಬಚ್ಚಿಡುತ್ತೇನೆ ಅಂದಿದ್ದರೆ ನನ್ನನ್ನೇ ಎತ್ತಿ ಒಗೆಯುತ್ತಿದ್ದಳು. "ಯವ್ವಾ ಬೇ, ನಾ ಹೋಗಾಕಿ. ಹೋಗಂಗಿಲ್ಲ ಅಂದ್ರ ಬ್ಯಾರೆ ಯಾರ್ದರ ಮಗಳು ಹೋಗ್ತಾಳ. ಆದ್ರ ಸುಮ್ಮ ಸಾಯಾಕ ಹೋಗಂಗಿಲ್ಲ" ಅಂದಳು. ಬಸ್ಸು ಬಂದ ದಿನ ಊರವರೆಲ್ಲ ಗರಡಿಯ ಸುತ್ತ ಸೇರಿದೆವು. ಸೇರ್ಪಡೆ ಸಾಹೇಬರು ಇಳಿದರು. ಹಳೆಯ ಸೈನಿಕರು, ಮಾತಿನಲ್ಲಿ ಒಳ್ಳೆಯವರೇ. ದಾವಲಸಾಬರು ಅವರ ಮುಂದೆ ನಿಂತು, "ಸಾಹೇಬ್ರ, ಒಂದ್ ತಣ್ಣೊದಿಕಿ ಕೊಡ್ರಿ. ನಮ್ಮ ಹುಡುಗಿ ಏನ್ ಕಲ್ತಾಳ ಊರ ಮಂದಿ ನೋಡ್ಲಿ" ಅಂದರು. ಸಾಹೇಬರು ಕೊಟ್ಟರು. ಕಸ್ತೂರಿ ಗರಡಿಗೆ ಇಳಿದು, ಮಣ್ಣನ್ನು ಹಣೆಗೆ ಹಚ್ಚಿಕೊಂಡು, ತಣ್ಣೊದಿಕೆಯ ಪಾಠವನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. ಸಾಹೇಬರು ತಲೆದೂಗಿದರು. ಆಮೇಲೆ ಮೌಲಾಲಿ ಸೀಟಿ ಊದಿದ.

ಅವಳು ಅಂಗಾತ ಬಿದ್ದಳು, ಹಾಳೆ ಬಿಚ್ಚಿದಳು, ತುದಿ ಹಿಡಿದಳು. ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಹಾಳೆಯ ಕೆಳಗೆ ಅವಳ ಸೊಂಟ ಮೆಲ್ಲಗೆ ಏಳುವುದು ಕಂಡಿತು, ನಂತರ ಬೆನ್ನು, ನಂತರ ಭುಜ. ನೆತ್ತಿ, ಹಿಮ್ಮಡಿ ಊರಿ ನನ್ನ ಮಗಳು ಅಂದವಾದ ಕಮಾನಾಗಿ ನಿಂತಳು. ಮೌಲಾಲಿ ಮತ್ತೆ ಊದಿದ, ಮತ್ತೆ ಹಾಗೇ ಆಯಿತು. "ಇಳ್ಸ, ಕಸ್ತೂರಿ, ಬೆನ್ನ ಇಳ್ಸ" ಅಂತ ಜೊತೆಯ ಹುಡುಗರು ಕೂಗಿದರು. "ಇಳದೈತಲ್ಲ" ಅಂತ ಅವಳು ಹಾಳೆಯೊಳಗಿಂದ ಹೇಳಿದಳು. ತನ್ನ ಬೆನ್ನು ಎದ್ದಿರುವುದು ಅವಳಿಗೆ ಗೊತ್ತೇ ಆಗಿರಲಿಲ್ಲ. ದ್ಯಾಮವ್ವ ನನ್ನ ಕೈ ಹಿಡಿದುಕೊಂಡಿದ್ದಳು, ಉಗುರು ನಟ್ಟ ಗುರುತು ಈಗಲೂ ಇದೆ.

ಆಗ ದಾವಲಸಾಬರು ಅಂಗಿ ಕಳಚಿದರು. ಅವರಿಗೆ ಎಂಬತ್ತು ದಾಟಿದೆ. ಹರೆಯದಲ್ಲಿ ಅವರ ಬೆನ್ನನ್ನು ಮಣ್ಣಿಗೆ ಮುಟ್ಟಿಸಿದವರು ಯಾರೂ ಇಲ್ಲ. ಸುತ್ತಲಿನ ಊರುಗಳಲ್ಲಿ ಅವರನ್ನು ಬೆನ್ನು ಕಾಣದ ವಸ್ತಾದ ಅಂತಲೇ ಕರೆಯುತ್ತಾರೆ. ಅವರು ಕೋಲು ಬದಿಗಿಟ್ಟು, ನಿಧಾನಕ್ಕೆ ಕೂತು, ಊರವರ ಎದುರಿನಲ್ಲಿ ನಾನು ಹದ ಮಾಡಿದ ಮಣ್ಣಿನ ಮೇಲೆ ಅಂಗಾತ ಮಲಗಿದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕರು ಮುಖ ತಿರುಗಿಸಿದರು. ದಾವಲಸಾಬರಿಗೂ ಸುಲಭವಾಗಲಿಲ್ಲ, ಅಷ್ಟು ವಯಸ್ಸಿನಲ್ಲೂ ಅವರ ಸೊಂಟ ಏಳಲು ಎಳೆಯುತ್ತಿತ್ತು, ಅವರು ಹಲ್ಲುಕಚ್ಚಿ ಅದನ್ನು ಕೆಳಗೆ ಒತ್ತುತ್ತಿದ್ದರು. "ಬಾ ಯವ್ವಾ, ನನ್ನ ಬಾಜೂಕ ಮಕ್ಕೊ" ಅಂತ ಕಸ್ತೂರಿಯನ್ನು ಕರೆದರು. "ನೋಡು, ನಾ ಸತ್ತಿಲ್ಲ. ಮರ್ಯಾದಿನೂ ಹೋಗಿಲ್ಲ." ಆಮೇಲೆ ಮಲಗಿದಲ್ಲಿಂದಲೇ ಸಾಹೇಬರಿಗೆ ಹೇಳಿದರು: "ನಾ ಈ ಹುಡುಗೂರಿಗೆ ಕಲ್ಸಿದ್ದು ಸುಳ್ಳಲ್ರೀ. ಆದ್ರ ನಾ ಕಲ್ಸಿದ್ದು ಕುಸ್ತಿ. ಯುದ್ಧ ನೀವ ಕಲ್ಸಬೇಕಿತ್ತು."

ಸಾಹೇಬರು ಕಾನೂನು ತೆಗೆದರು. ಕರೆ ಬಂದವರನ್ನು ತಡೆಯುವುದು ದೇಶದ್ರೋಹ ಅಂದರು. ನಾನು ಬಸ್ಸಿನ ಬಾಗಿಲಿಗೆ ಹೋಗಿ ನಿಂತೆ. ನನ್ನ ಬಾಯಿ ಊರಿಗೆಲ್ಲ ಗೊತ್ತು, ಅವತ್ತು ಮಾತ್ರ ಹೆಚ್ಚು ಆಡಲಿಲ್ಲ. "ತಡಿಯಂಗಿಲ್ರೀ. ಕಲ್ಸಿ ಒಯ್ರಿ ಅನ್ನಾಕತ್ತೀವಿ. ಕಲ್ಸೋರನ್ನ ಇಲ್ಲಿಗೇ ಕಳಸ್ರಿ, ನಮ್ಮ ಕಣ್ಣ ಮುಂದ ಕಲ್ಸ್ರಿ. ಅವರ ಊಟ ವಸ್ತಿ ನಮ್ಮದು" ಅಂದೆ. ಅಷ್ಟು ಸಮಯವಿಲ್ಲ ಅಂದರು. "ನಿಮಗ ಎಷ್ಟು ದಿನ ಕಲ್ಸಿದ್ರು ಸಾಹೇಬ್ರ?" ಅಂತ ದ್ಯಾಮವ್ವ ಹಿಂದಿನಿಂದ ಕೇಳಿದಳು. ಅವರು, "ನಮ್ಮ ಕಾಲಕ್ಕ ಎರಡು ವರ್ಷ ಇತ್ತವ್ವಾ" ಅಂದರು. ಆಮೇಲೆ ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದರು. ಬಸ್ಸು ಖಾಲಿಯಾಗಿ ಗುಡ್ಡ ಇಳಿಯಿತು.

ಮರುದಿನದಿಂದ ನಮ್ಮ ಊರಿನ ನೀರುಪಾಲನ್ನು ಅರ್ಧಕ್ಕೆ ಇಳಿಸಿದ್ದಾರೆ. ಕಾಯುವ ತಿಂಗಳಲ್ಲಿ ನೀರು ಕಡಿಮೆ ಮಾಡುವುದು ಅಂದರೆ ಏನು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಅಪರಾಧಿಗಳ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆದಿದ್ದಾರಂತೆ, ಯಮನ ಹೆಸರಿನವಳು ಅಂತ ಹೆದರಿಕೊಂಡು ಬರೆದರೋ ಏನೋ. ಅಕ್ಕಪಕ್ಕದ ಗರಡಿ ಊರುಗಳಿಂದ ಜನ ರಾತ್ರೋರಾತ್ರಿ ನೀರಿನ ಕೊಡ ಹೊತ್ತು ಬರುತ್ತಿದ್ದಾರೆ. ಅವರ ಊರ ಬಾಗಿಲಿನ ಕಮಾನುಗಳೂ ಬಿದ್ದಿವೆ. ಬೆಳಗಾದರೆ ನಮ್ಮ ಗರಡಿಯಲ್ಲಿ ಈಗ ಕುಸ್ತಿ ಇಲ್ಲ. ಮಕ್ಕಳು, ತಾಯಂದಿರು, ಹಲ್ಲಿಲ್ಲದ ಮುದುಕರು, ಎಲ್ಲರೂ ಹಾಸಿಗೆ ಚಾದರ ಹಿಡಿದು ಅಂಗಾತ ಬೀಳುತ್ತೇವೆ. ಮೌಲಾಲಿ ಸೀಟಿ ಊದುತ್ತಾನೆ, ಎದ್ದ ಬೆನ್ನನ್ನು ಒಂದೇ ಕೈಯಿಂದ ಒತ್ತಿ ತೋರಿಸುತ್ತಾನೆ. ಆದರೆ ಅವನಿಗೆ ಗೊತ್ತಿರುವುದು ಇದೊಂದೇ. ಉಪ್ಪುಗಡಿಯಲ್ಲಿ ಬೇರೆ ಏನೇನು ಇದೆಯೋ, ಅದಕ್ಕೆ ಏನೇನು ಕಲಿಯಬೇಕೋ, ಅದನ್ನು ಬಲ್ಲವರು ಬಂದು ಹೇಳಬೇಕು.

ನಿಮಗೆ ಯಾಕೆ ಇದನ್ನೆಲ್ಲ ಬರೆದೆ ಅಂದರೆ, ನಮ್ಮ ಸಾಹೇಬರು ಕಟ್ಟೆಯ ಮೇಲೆ ನಿಂತು ಆಡುವ ಮಾತು ನಿಮ್ಮ ಕಾಲಕ್ಕಿಂತಲೂ ಹಳೆಯದು. ಈ ಮಣ್ಣಿನ ಮಕ್ಕಳು ಹುಟ್ಟಿನಿಂದಲೇ ಯೋಧರು ಅನ್ನುತ್ತಾರಲ್ಲ, ಆ ಮಾತಿಗೆ ನಿಮ್ಮಲ್ಲೂ ಚಪ್ಪಾಳೆ ಬೀಳುತ್ತಿರಬಹುದು. ತಟ್ಟಬೇಡಿ. ಯಾವ ಮಗುವೂ ಹಾಗೆ ಹುಟ್ಟುವುದಿಲ್ಲ, ಹಾಲು ಕುಡಿಯುವುದೊಂದನ್ನು ಬಿಟ್ಟು ಉಳಿದ ಎಲ್ಲವನ್ನೂ ಕಲಿಸಬೇಕು. ನಿಮ್ಮ ಮಕ್ಕಳನ್ನು ಹೊಗಳಿ ಕರೆಯಲು ಬಂದವರನ್ನು ಕೂಡಿಸಿ, ನೀರು ಕೊಡಿ, ಆಮೇಲೆ ಕೇಳಿ: ಯಾರು ಕಲಿಸುತ್ತಾರೆ, ಎಷ್ಟು ದಿನ ಕಲಿಸುತ್ತಾರೆ, ನಾವು ಬಂದು ನೋಡಬಹುದೇ? ಗುಟ್ಟು ಅಂದರೆ ಬಾಗಿಲಲ್ಲೇ ನಿಲ್ಲಿ. ಇದನ್ನು ಕೇಳಿದವರು ದೇಶಕ್ಕೆ ಬೇಡವಾದವರು ಅಂತ ಯಾರಾದರೂ ಅಂದರೆ, ಅಂದವರ ಮಕ್ಕಳು ಎಲ್ಲಿದ್ದಾರೆ ಅಂತಲೂ ಕೇಳಿ. ನೀವು ಕೇಳುವ ರೂಢಿ ಹಾಕಿಟ್ಟರೆ ನಮ್ಮ ಕಾಲಕ್ಕೆ ಅದು ಪದ್ಧತಿಯಾಗಿರುತ್ತದೆ. ನಾವು ಇಷ್ಟು ತಡವಾಗಿ ಕೇಳಲು ಕಲಿತೆವು, ಅದಕ್ಕೆ ಯಲಗೂರನನ್ನು ಕೊಟ್ಟೆವು.

ಕೆಳಗಿನ ತಿರುವಿನಲ್ಲಿ ಧೂಳು ಏಳುತ್ತಿದೆ, ಬಸ್ಸು ಬರುತ್ತಿದೆ. ಅದರಲ್ಲಿ ಕಲಿಸುವವರಿದ್ದಾರೋ ಪೊಲೀಸರಿದ್ದಾರೋ ಇಲ್ಲಿಂದ ಕಾಣುವುದಿಲ್ಲ. ದ್ಯಾಮವ್ವ ಆಗಲೇ ಹೋಗಿ ದಾರಿಗೆ ಅಡ್ಡ ಕೂತಿದ್ದಾಳೆ. ಇವತ್ತು ಬೆಳಿಗ್ಗೆ ಕಸ್ತೂರಿಯ ಬೆನ್ನು ಮೂರು ಸಲಕ್ಕೆ ಒಂದು ಸಲ ಎದ್ದಿತು. ಅವಳು ಬಹಳ ಮುಂದುವರಿದಿದ್ದಾಳೆ ಅಂತ ಮೌಲಾಲಿಗೆ ಖುಷಿ. ಆದರೆ ಆ ಒಂದು ಸಲ ಸಾಕು. ಅವಳ ಬೆನ್ನು ಒಮ್ಮೆಯೂ ಏಳದಂತಾದ ದಿನ, ಕಲಿಸಿದವರು ನನ್ನ ಎದುರಿಗೆ ನಿಂತು ಇವಳಿಗೆ ಬರುತ್ತದೆ ಅಂದ ದಿನ, ನಾನೇ ರೊಟ್ಟಿಯ ಗಂಟು ಕಟ್ಟಿ ನನ್ನ ಮಗಳನ್ನು ಆ ಬಸ್ಸಿಗೆ ಹತ್ತಿಸುತ್ತೇನೆ. ಅಲ್ಲಿಯವರೆಗೆ ಯಾರು ಇಳಿದು ಬಂದರೂ ಅವರು ನನ್ನನ್ನು ದಾಟಿ ಹೋಗಬೇಕು.

ಇಂತಿ,
ಯಮನವ್ವ, ಮಣ್ಣವ್ವ,
ಮೂರನೇ ಹೊಳೆಸಾಲು